ವೆಂಡಲ್ ಹೇಳದೇ ಬಿಟ್ಟ ಮೂರೂವರೆ ಗಂಟೆ

ಏನ್ರಪ್ಪಾ, ಮುದುಕನಿಗೆ ಅರಳುಮರಳು ಅಂತ ಹೇಳ್ಕೊಂಡು ತಿರುಗ್ತಿದ್ದೀರಂತೆ? ಮೊನ್ನೆ ನಾನು ಫೋನಲ್ಲಿ ಮಾತಾಡಿ ಕಳಿಸಿದ್ದು ಕೇಳಿ ಒಬ್ಬ ಅಂತಾನೆ, ಸೇತುವೆ ಕೊಚ್ಕೊಂಡು ಹೋಗಿದ್ದು ಎಪ್ಪತ್ಮೂರರಲ್ಲಿ, ಎಪ್ಪತ್ತೆರಡರಲ್ಲಿ ಅಲ್ಲ ಅಂತ. ಲೋ, ಆವಾಗ ನೀನು ಹುಟ್ಟಿದ್ದೆಯೇನೋ? ಹೋದ ಗುರುವಾರ ಏನು ತಿಂದೆ ಅಂದ್ರೆ ನಿನ್ನ ಬಾಯಲ್ಲಿ ಉತ್ತರ ಬರಲ್ಲ, ನನ್ನ ನೆನಪು ಅಳೆಯೋಕೆ ಬಂದುಬಿಟ್ಟ. ಸುಮ್ನೆ ಕೇಳಿ. ಈ ಕಥೆ ನಂಗೆ ಹೇಳಿದ್ದು ನಮ್ಮೂರಿನ ವೆಂಡಲ್ ಪೈಕ್, ಅವನೇ. ಒಂದು ಸಲ ಅಲ್ಲ, ಹತ್ತು ಸಲ. ಹತ್ತು ಸಲಾನೂ ಗಂಟೆ ನಿಮಿಷ ಅದೇ. ಯಾಕೆ ಅಂದ್ರೆ ಆ ಗಂಟೆ ನಿಮಿಷಾನೇ ಅವನನ್ನ ಒಳಗಿಂದ ತಿಂದಿದ್ದು.

ತೊಂಬತ್ತೆಂಟನೇ ಇಸವಿ, ಮಾರ್ಚ್ ತಿಂಗಳ ಮೊದಲ ಮಂಗಳವಾರ. ಊರಸಭೆ ದಿನ. ನಮ್ಮ ಈ ವೆರ್ಮಾಂಟ್ ರಾಜ್ಯದಲ್ಲಿ ಆವತ್ತು ಯಾರೂ ಕೆಲಸ ಮಾಡಲ್ಲ, ಎಲ್ಲಾ ಹೋಗಿ ಸಭೆ ಮನೇಲಿ ಕೂತ್ಕೊಂಡು ರಸ್ತೆ ಕೆಲಸದ ಯಂತ್ರ ಕೊಳ್ಳೋದಾ ಬೇಡವಾ ಅಂತ ಗಂಟಲು ಹರ್ಕೋತಾರೆ. ವೆಂಡಲ್ ಮಾತ್ರ ಹೋಗಿರಲಿಲ್ಲ. ಅವನೂ, ಅವನ ತಂಗಿ ಗಂಡ ರೊಜೇರ್ ಜಾಂಡ್ರೋನೂ ಬೆಳಗಿನ ಜಾವದಿಂದ ಪಾಕದ ಮನೇಲಿ, ಅಂದ್ರೆ ಮರದ ರಸ ಕಾಯಿಸಿ ಸಿಹಿ ಪಾಕ ಮಾಡೋ ಕೊಟ್ಟಿಗೇಲಿ ಇದ್ರು. ಎರಡು ದಿನ ಬಿಸಿಲು ಬಿದ್ದು ಮೇಪಲ್ ಮರದಲ್ಲಿ ರಸ ಹುಚ್ಚು ಹಿಡಿದ ಹಾಗೆ ಇಳಿದಿತ್ತು. ತೊಟ್ಟಿ ತುಂಬ್ಕೊಂಡು ನಿಂತಿತ್ತು. ವರ್ಷದ ಮೊದಲ ರಸ, ಬಿಟ್ರೆ ಹುಳಿ ಬರುತ್ತೆ. ಸಭೆ ಮುಂದಿನ ವರ್ಷಾನೂ ಇರುತ್ತೆ, ಇದು ಇರುತ್ತಾ?

ಮೂವತ್ತೊಂದು ವರ್ಷದಿಂದ ಇಬ್ಬರೂ ಹೀಗೇನೇ. ರೊಜೇರ್ ಒಲೆಗೆ ಸೌದೆ ಹಾಕ್ತಾನೆ, ವೆಂಡಲ್ ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡ್ತಾನೆ. ಆ ಕೊಪ್ಪರಿಗೆ ಬಾಗಿಲಿಗಿಂತ ಉದ್ದ, ಅದರಲ್ಲಿ ರಸ ನಿಲ್ಲೋದು ಬರೀ ಎರಡು ಬೆರಳಷ್ಟು. ಕೆಳಗೆ ಒಲೆ ಅಂದ್ರೆ ಅಡಿಗೆಮನೆ ಒಲೆ ಅಲ್ಲ, ತಿರುಗಿಸಿ ಆರಿಸೋಕೆ ಆಗಲ್ಲ. ಸೌದೆ ಹಾಕೋದು ನಿಲ್ಲಿಸಿದ್ರೂ ಒಂದು ಗಂಟೆ ಭುಸುಗುಡ್ತಾ ಇರುತ್ತೆ. ರಸ ಒಂದು ಕ್ಷಣ ಕಮ್ಮಿ ಆದ್ರೆ ತಳ ಸೀದು ಸೊಟ್ಟಗಾಗಿ ಹೋಗುತ್ತೆ. ಅದಕ್ಕೇ ಪಾಕ ಕಾಯಿಸೋರು ಹೆಂಡತಿ ಹೆರಿಗೆ ನೋವು ತಿಂತಿದ್ರೂ ಕೊಪ್ಪರಿಗೆ ಬಿಟ್ಟು ಏಳಲ್ಲ. ನಗಬೇಡಿ, ಅಂಥೋರು ಇಬ್ಬರು ನಂಗೆ ಗೊತ್ತು.

ಏಳೂವರೆಗೆ ರೊಜೇರ್ ಸೌದೆ ರಾಶಿ ಹತ್ರ ಮಂಡಿ ಊರಿದ. ಮುಖ ಹಿಟ್ಟಿನ ಹಾಗೆ ಬಿಳುಪು, ಹಣೆ ಮೇಲೆ ಬೆವರು ಹನಿಹನಿ. ಒಂದು ಗಳಿಗೆ ಕಣ್ಣು ಮೇಲೆ ಸಿಕ್ಕಿಹಾಕ್ಕೊಂಡಿತ್ತು ಅಂತ ವೆಂಡಲ್ ಹೇಳ್ತಾನೆ.

"ಏನಾಯ್ತೋ?"

"ಬೆನ್ನು ಕಣೋ. ಆ ದರಿದ್ರ ಮೋಟು ಎತ್ತೋವಾಗ ಏನೋ ಹಿಡ್ಕೊಳ್ತು. ಹೊಟ್ಟೆವರೆಗೂ ಚಳುಕು."

"ಅರವತ್ತೆಂಟು ವರ್ಷಕ್ಕೆ ಎತ್ತಿನ ಥರ ಎತ್ತಿದ್ರೆ ಇನ್ನೇನಾಗುತ್ತೆ? ಡಾಕ್ಟರ್ ಹತ್ರ ಹೋಗೋಣ್ವಾ?"

ರೊಜೇರ್ ಕೊಪ್ಪರಿಗೆ ಕಡೆ ನೋಡ್ದ. ವೆಂಡಲ್ಲೂ ನೋಡ್ದ. ನೊರೆ ಚಿನ್ನದ ಬಣ್ಣಕ್ಕೆ ತಿರುಗಿ ಪಾಕ ಇನ್ನೇನು ಬರೋದ್ರಲ್ಲಿತ್ತು.

"ಈ ಒಂದು ಪಾಕ ಇಳಿಸಿಬಿಡೋಣ. ಆಮೇಲೆ ಹೋಗೋಣ," ಅಂದ ವೆಂಡಲ್. ನೆನಪಿಟ್ಕೊಳ್ಳಿ, ಹಾಗಂದಿದ್ದು ವೆಂಡಲ್. ರೊಜೇರ್ ಅಲ್ಲ.

ಆ ಪಾಕ ಇಳಿಸಿದ್ರು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ರೊಜೇರ್‌ಗೆ ಸ್ವಲ್ಪ ಬಣ್ಣ ಬಂತು, ಬಕೆಟ್ ಬೋರಲು ಹಾಕ್ಕೊಂಡು ಕೂತು ಟೀ ಕುಡ್ದ, ಸಿಗರೇಟು ಹಚ್ಚಿದ. ಎದ್ದು ಎರಡು ಸಲ ಸೌದೆನೂ ಹಾಕ್ದ. ಹತ್ತು ಗಂಟೆಗೆ ಇನ್ನೊಂದು ಸಲ ತಲೆ ಸುತ್ತಿ ಗೋಡೆ ಹಿಡ್ಕೊಂಡ. ವೆಂಡಲ್ ನೋಡ್ದ. ನೋಡಿ ಸಟ್ಟುಗ ತಿರುಗಿಸ್ದ. ಹನ್ನೊಂದಕ್ಕೆ ರೊಜೇರ್ "ಅಮ್ಮಾ" ಅಂದ, ತನ್ನ ಮನೆಮಾತು ಫ್ರೆಂಚಲ್ಲಿ. ಅಷ್ಟೇ, ಅಡ್ಡ ಬಿದ್ದ.

ವೆಂಡಲ್ ಓಡಿದ. ಕೆಸರಲ್ಲಿ ಒಂದು ಬೂಟು ಬಿಟ್ಟು ಓಡಿದ. ಮನೇಲಿ ಫೋನ್ ಎತ್ತಿ ಸಭೆ ಮನೆ ನಂಬರಿಗೇ ಮಾಡ್ದ. ನಮ್ಮೂರಿನ ಆಂಬುಲೆನ್ಸ್ ನಡೆಸೋರೆಲ್ಲಾ ಮರ್ಲ್‌ನಂಥ ಊರಿನೋರೇ, ಆವತ್ತು ಎಲ್ಲಾ ಅಲ್ಲೇ ಕೂತಿದ್ರು. ಫೋನ್ ತಗೊಂಡಿದ್ದು ಅಡಿಗೆಮನೇಲಿ ಊಟಕ್ಕೆ ಹುರುಳಿ ಬೇಯಿಸ್ತಿದ್ದ ಅವನ ತಂಗಿ, ರೊಜೇರ್ ಹೆಂಡತಿ ಥೆಲ್ಮಾನೇ.

"ರೊಜೇರ್ ಬಿದ್ಬಿಟ್ಟ. ಮರ್ಲ್‌ನ ಕಳಿಸು. ಬೇಗ."

ಥೆಲ್ಮಾ ಸಭೆ ಬಾಗಿಲಲ್ಲಿ ನಿಂತು ಕೂಗಿದ್ದು ನಾನು ಈ ಕಿವೀಲಿ ಕೇಳಿದೀನಿ. ಯಂತ್ರಕ್ಕೆ ಕೈ ಎತ್ತಿದ್ದೋರು ಕೈ ಎತ್ತಿದ ಹಾಗೇ ಎದ್ರು. ಆಂಬುಲೆನ್ಸ್ ಕೆಸರಲ್ಲಿ ಹೂತುಹೋಯ್ತು, ಇಪ್ಪತ್ತು ಜನ ಹೆಗಲು ಕೊಟ್ಟು ತಳ್ಳಿದ್ರು. ಪಾಕದ ಮನೆ ಹೊಕ್ಕಾಗ ಸೀದ ವಾಸನೆ. ವೆಂಡಲ್ ಫೋನಿಗೆ ಹೋಗಿ ಬರೋಷ್ಟರಲ್ಲಿ ಕೊಪ್ಪರಿಗೆ ತಳ ಹಿಡಿದು ಕರ್ರಗಾಗಿತ್ತು. ಯಾವುದಕ್ಕೋಸ್ಕರ ಕಾದ್ನೋ ಅದೂ ಹೋಯ್ತು.

ಹಾಲಿನ ಲಾರಿ ಓಡಿಸೋ ಮರ್ಲ್ ಸ್ಟೆಬಿನ್ಸ್ ರೊಜೇರ್ ಹೊಟ್ಟೆ ಮುಟ್ಟಿ ನೋಡ್ದ. ಹಲಗೆ ಹಾಗೆ ಗಟ್ಟಿ. ತಲೆ ಎತ್ತಿ ಕೇಳ್ದ, "ಯಾವಾಗಿಂದ ನೋವು?"

ಇಡೀ ಊರು ಬಾಗಿಲಲ್ಲಿ ನಿಂತಿತ್ತು. ಥೆಲ್ಮಾ ಮುಂದೆ ನಿಂತಿದ್ಲು, ಕೈಯಲ್ಲಿ ಇನ್ನೂ ಸೌಟು.

"ಈಗ ತಾನೆ," ಅಂದ ವೆಂಡಲ್. "ಹತ್ತು ನಿಮಿಷ."

ಶಾಲೆ ಮೈದಾನದಿಂದ ಹೆಲಿಕಾಪ್ಟರ್. ದೊಡ್ಡ ಆಸ್ಪತ್ರೆ. ಐದು ಗಂಟೆ ಆಪರೇಷನ್, ಇಪ್ಪತ್ತೆರಡು ಚೀಲ ರಕ್ತ. ಹೊರಗೆ ಬಂದ ಡಾಕ್ಟ್ರಮ್ಮ ಎತ್ತರದ ಹೆಂಗಸು, ಹೆಸರು ಹಾಲ್ಡೇನ್, ಟೋಪಿ ತೆಗೆದ್ರೆ ಹಣೆ ಮೇಲೆ ಅದರ ಗೀರು ಹಾಗೇ ಕೂತಿತ್ತು. ಹೃದಯದಿಂದ ಕೆಳಗಿಳಿಯೋ ದೊಡ್ಡ ರಕ್ತನಾಳ ಹೊಟ್ಟೇಲಿ ಎಷ್ಟೋ ವರ್ಷದಿಂದ ಉಬ್ತಾ ಬಂದಿತ್ತು, ಹಳೇ ಸೈಕಲ್ ಟ್ಯೂಬು ಒಂದು ಕಡೆ ಉಬ್ಬೋ ಹಾಗೆ, ಆವತ್ತು ಒಡೀತು ಅಂತ ಹೇಳಿದ್ರು. ಒಡೆದ ಜಾಗಕ್ಕೆ ಬಟ್ಟೆ ಕೊಳವೆ ಹೊಲಿದಿದೀವಿ ಅಂದ್ರು.

"ಬದುಕ್ತಾರಾ?" ಅಂದ್ಲು ಥೆಲ್ಮಾ.

"ಇಲ್ಲೀವರೆಗೆ ಬರೋರೇ ಕಮ್ಮಿ. ಬಂದೋರಲ್ಲೂ ಅರ್ಧ ಜನ ಮನೆಗೆ ಹೋಗಲ್ಲ. ನಾನು ಸುಳ್ಳು ಹೇಳಲ್ಲ ನಿಮಗೆ." ಆಮೇಲೆ ವೆಂಡಲ್ ಕಡೆ ತಿರುಗಿ, "ನೀವು ತಕ್ಷಣ ಫೋನ್ ಮಾಡಿದ್ದು ಒಳ್ಳೇದಾಯ್ತು," ಅಂದ್ರು.

ಅಲ್ಲಿಂದ ಶುರು ನೋಡಿ ಅವನ ನರಕ. ಥೆಲ್ಮಾ ಅವನ ಕೈ ಹಿಡ್ಕೊಂಡು "ನೀನಿಲ್ಲದೇ ಇದ್ದಿದ್ರೆ" ಅಂತ ಅಳೋಳು. ಊರಿಂದ ಬಂದೋರು ಬೆನ್ನು ತಟ್ಟೋರು. ಮರ್ಲ್ ಹೆಂಡತಿ ಸೇಬು ತುಂಬಿ ಬೇಯಿಸಿದ ಪೈ ತಂದು ಅವನ ಮಡಿಲಿಗೇ ಇಟ್ಲು. ಅವನು ಆ ಪೈ ಮುಂದೆ ಎರಡು ದಿನ ಕೂತಿದ್ದ. ಒಂದು ತುತ್ತೂ ಗಂಟಲಲ್ಲಿ ಇಳೀಲಿಲ್ಲ.

ಮಾರನೇ ದಿನ ರೊಜೇರ್ ಮೂತ್ರಪಿಂಡ ನಿಂತುಹೋಯ್ತು, ರಕ್ತ ತೊಳೆಯೋ ಯಂತ್ರ ಹಚ್ಚಿದ್ರು. ಮೂರನೇ ದಿನ ಜ್ವರ ಏರ್ತು. ಹೊಟ್ಟೆ ಉಬ್ತು. ಡಾಕ್ಟ್ರಮ್ಮ ಬಂದು ಕುರ್ಚಿ ಎಳ್ಕೊಂಡು ಕೂತ್ರು.

"ಎದೆ ಎಕ್ಸ್‌ರೇಲಿ ಒಂದು ಕಲೆ ಕಾಣ್ತಿದೆ. ಜ್ವರ ಅದರಿಂದ ಇರಬಹುದು. ಇನ್ನೊಂದು ಭಯ ಇದೆ. ರಕ್ತ ಸಿಗದೆ ಕರುಳು ಕೊಳೀತಿರಬಹುದು. ಆದ್ರೆ ಅದಕ್ಕೆ ತುಂಬಾ ಹೊತ್ತು ರಕ್ತ ಕಮ್ಮಿ ಆಗಿರಬೇಕು. ಇವರಿಗೆ ಬಿದ್ದ ಹತ್ತೇ ನಿಮಿಷಕ್ಕೆ ಸಹಾಯ ಸಿಕ್ಕಿದೆ ಅಂತ ಬರ್ಕೊಂಡಿದಾರೆ. ಇವರಿರೋ ಸ್ಥಿತೀಲಿ ಇನ್ನೊಂದು ಸಲ ಹೊಟ್ಟೆ ತೆಗೆದ್ರೆ ಮೇಜಿನ ಮೇಲೇ ಹೋಗಬಹುದು. ಹಾಗಾಗಿ ಔಷಧಿ ಬದಲಾಯಿಸಿ ನಾಳೆವರೆಗೆ ಕಾಯೋಣ ಅಂತಿದೀನಿ."

"ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ," ಅಂದ್ಲು ಥೆಲ್ಮಾ.

ವೆಂಡಲ್ ತನ್ನ ಬೂಟು ನೋಡ್ತಿದ್ದ. ಅರವತ್ತಾರು ವರ್ಷದ ಗಂಡಸು, ದನ ಒದ್ದು ಪಕ್ಕೆಲುಬು ಮುರಿದಾಗ ಕಣ್ಣಲ್ಲಿ ನೀರು ಹಾಕ್ದೋನಲ್ಲ. ಆವತ್ತು ತಲೆ ಎತ್ತೋಕಾಗಲಿಲ್ಲ ಅಂತಾನೆ. ಹೇಳಿದ್ರೆ ತಂಗಿ ಹೋದ್ಲು. ಹೇಳದೇ ಇದ್ರೆ ರೊಜೇರ್ ಹೋದ. ಡಾಕ್ಟ್ರಮ್ಮ ಎದ್ದು ಬಾಗಿಲ ಹತ್ರ ಹೋಗಿದ್ರು.

"ಏಳೂವರೆಗೆ," ಅಂದ.

"ಏನಂದ್ರಿ?"

"ಹತ್ತು ನಿಮಿಷ ಅಲ್ಲ ಡಾಕ್ಟ್ರೇ. ಬೆಳಗ್ಗೆ ಏಳೂವರೆಗೆ ಒಂದು ಸಲ ಬಿದ್ದ. ಕಣ್ಣು ಮೇಲೆ ಹೋಯ್ತು, ಬೆವರಿದ. ಹತ್ತು ಗಂಟೆಗೆ ಮತ್ತೆ ತಲೆ ಸುತ್ತು. ಬೆಳಗಿಂದ ಒಂದಕ್ಕೂ ಹೋಗಿಲ್ಲ, ನಾಕು ಲೋಟ ಟೀ ಕುಡ್ದಿದ್ದ. ನಾನು... ಪಾಕ ಇಳಿಸ್ತಿದ್ದೆ."

ಡಾಕ್ಟ್ರಮ್ಮ ಬೈಯಲಿಲ್ಲ. "ಇನ್ನೊಂದು ಸಲ ಹೇಳಿ, ನಿಧಾನಕ್ಕೆ," ಅಂದು ಬರ್ಕೊಂಡ್ರು. "ಬೆಳಗ್ಗೆನೇ ಸೋರೋಕೆ ಶುರುವಾಗಿದೆ ಹಾಗಾದ್ರೆ. ನಾನು ನಾಳೆ ಕಾಯಲ್ಲ. ಈಗಲೇ ಹಿಂದಿನಿಂದ ಕರುಳಿಗೆ ಕ್ಯಾಮೆರಾ ಇರೋ ಕೊಳವೆ ಹಾಕಿ ನೋಡ್ತೀನಿ," ಅಂದು ಹೆಚ್ಚುಕಮ್ಮಿ ಓಡಿದ್ರು.

ಅಣ್ಣ ತಂಗಿ ಇಬ್ರೇ ಉಳಿದ್ರು.

"ಬಿದ್ದ ಮೇಲೂ ಅವನ ಕೈಲಿ ಸೌದೆ ಹಾಕಿಸ್ದೆಯಾ?" ಅಂದ್ಲು ಥೆಲ್ಮಾ.

"ಎರಡು ಸಲ."

"ನೀನು ಕೊಪ್ಪರಿಗೆ ಮುಂದೆ ನಿಂತಿದ್ದೆ."

"ಹೂಂ."

ಅವಳು ಎದ್ದು ಕೋಣೆ ಆ ಮೂಲೆಗೆ ಹೋಗಿ ಕೂತ್ಲು. ಅಷ್ಟೇ. ಅವತ್ತಿಂದ ಹತ್ತೊಂಬತ್ತು ದಿನ ಅಣ್ಣನ ಹತ್ರ ಮಾತಾಡಲಿಲ್ಲ ಪುಣ್ಯಾತ್ಗಿತ್ತಿ. ಆದ್ರೆ ದಿನಾ ಮನೆಯಿಂದ ಎರಡು ಜನದ ರೊಟ್ಟಿ, ಹಂದಿಮಾಂಸ ಕಟ್ಕೊಂಡು ಬರೋಳು, ಒಂದನ್ನ ಅವನ ಪಕ್ಕದ ಕುರ್ಚಿ ಮೇಲಿಟ್ಟು ತನ್ನ ಮೂಲೆಗೆ ಹೋಗೋಳು. ಅವನು ತಿನ್ನೋನು. ಪೈ ಇಳೀದ ಗಂಟಲಲ್ಲಿ ಆ ರೊಟ್ಟಿ ಇಳೀತಿತ್ತಂತೆ, ಯಾಕೋ.

ಕೊಳವೆ ಹಾಕಿ ನೋಡಿದ್ರೆ ಕರುಳು ಕಪ್ಪು. ಅವತ್ತೇ ಮಧ್ಯಾಹ್ನ ಹೊಟ್ಟೆ ತೆಗೆದು ಒಂದೂವರೆ ಅಡಿ ಕತ್ತರಿಸಿ ಹಾಕಿದ್ರು. ಉಳಿದ ತುದಿ ಹೊಟ್ಟೆ ಮೇಲೆ ತಂದು, ಮಲ ಬೀಳೋಕೆ ಅಲ್ಲೇ ಚೀಲ ಅಂಟಿಸಿದ್ರು. ಊತಕ್ಕೆ ಹೊಟ್ಟೆ ಹೊಲಿಯೋಕಾಗದೆ ಐದು ದಿನ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಿಟ್ಟಿದ್ರು. ಡಾಕ್ಟ್ರಮ್ಮ ಬಂದು ವೆಂಡಲ್‌ಗೆ ಹೇಳಿದ್ರು, "ನಾಳೆ ಆಗಿದ್ರೂ ಬದುಕ್ತಿದ್ದರೋ ಏನೋ, ನಂಗೆ ಗೊತ್ತಿಲ್ಲ. ನಾನು ನಾಳೆವರೆಗೆ ಕಾಯಲಿಲ್ಲ, ಅದು ನಿಮ್ಮಿಂದ. ಅಷ್ಟು ಗೊತ್ತು." ಕ್ಷಮಿಸಿದೀನಿ ಅನ್ನಲಿಲ್ಲ, ಅದು ಅವರ ಕೆಲಸ ಅಲ್ಲ. ಮಾಡಿದ ತಪ್ಪು, ಹೇಳಿದ ನಿಜ, ಎರಡನ್ನೂ ಅವನ ಕೈಲೇ ಇಟ್ಟು ಹೋದ್ರು.

ಬದುಕಿದ ಅಂತ ನಾವು ಒಂದು ಮಾತಲ್ಲಿ ಹೇಳಿ ಮುಗಿಸಿಬಿಡ್ತೀವಲ್ಲ, ಅದು ಸುಮ್ನೆ ಅಲ್ಲ ಕಣ್ರಪ್ಪಾ. ಗಂಟಲಿಗೆ ತೂತು ಹಾಕಿ ಉಸಿರಿನ ಕೊಳವೆ ಇಟ್ಟಿದ್ರು. ಬುದ್ಧಿ ಕಲಸಿ ಹೋಗಿತ್ತು, ಆಸ್ಪತ್ರೆ ಚಾವಣೀಲಿ ರಸ ಉಕ್ತಿದೆ ಅಂತ ಕಣ್ಣರಳಿಸಿ ನೋಡೋನು. ಕೊಳವೆ ಕಿತ್ಕೊಳ್ತಾನೆ ಅಂತ ಕೈ ಕಟ್ಟಿದ್ರು. ಬಿಚ್ಚಿ ಬರೆಯೋ ಹಲಗೆ ಕೊಟ್ರೆ 'ಬೆಂಕಿ' ಅಂತ ಬರೆಯೋನು, ನರ್ಸಿಗೆ ತೋರಿಸೋನು, ಆ ಹುಡುಗಿ ಹೆದರಿ ಸುತ್ತ ಬೆಂಕಿ ಹುಡುಕೋಳು. ಬಲಗಾಲಿನ ಎರಡು ಬೆರಳು ಒಣಗಿದ ದ್ರಾಕ್ಷಿ ಹಾಗಾಗಿ ತೆಗೆಸಬೇಕಾಯ್ತು. ಮೂತ್ರಪಿಂಡ ಏಳೋದೇ ಇಲ್ಲ ಅಂತಿದ್ರು.

ಇಪ್ಪತ್ತೆರಡನೇ ದಿನ ಮಧ್ಯಾಹ್ನ ನರ್ಸು ಹೊರಗೆ ಬಂದು ಕೂಗಿದ್ಲು, "ಉಚ್ಚೆ ಬಂತು! ಎರಡು ಚಮಚ!"

ಥೆಲ್ಮಾ ಎದ್ದು ನಿಂತ್ಲು, ಸುತ್ತ ನೋಡಿದ್ಲು. ಹೇಳ್ಕೊಳ್ಳೋಕೆ ಅಲ್ಲಿ ಅಣ್ಣ ಬಿಟ್ರೆ ಬೇರೆ ಯಾರೂ ಇರಲಿಲ್ಲ. "ಕೇಳಿಸ್ತಾ?" ಅಂದ್ಲು. ಹತ್ತೊಂಬತ್ತು ದಿನ ಆದ ಮೇಲೆ ಮೊದಲ ಮಾತು.

"ಎರಡು ಚಮಚ," ಅಂದ ವೆಂಡಲ್.

"ನಾಯಿಮರಿನೂ ಅದಕ್ಕಿಂತ ಜಾಸ್ತಿ ಮಾಡುತ್ತೆ," ಅಂದ್ಲು. ಇಬ್ಬರೂ ನಕ್ರು, ಆಮೇಲೆ ಅವಳು ಅತ್ಲು. ಅವನ ಪಕ್ಕ ಬಂದು ಕೂರಲಿಲ್ಲ. ಒಂದು ಕುರ್ಚಿ ಬಿಟ್ಟು ಕೂತ್ಲು.

ಅರವತ್ತೊಂದು ದಿನಕ್ಕೆ ಮನೆಗೆ ಬಂದ ರೊಜೇರ್. ಹೋಗೋವಾಗ ನೂರು ಕೆಜಿ ಗೂಳಿ, ಬಂದಾಗ ಬಟ್ಟೆ ಹಾಕೋ ಗೂಟ. ಚೀಲ ಕಂಡ್ರೆ ಅವನಿಗೆ ಅಸಹ್ಯ. ಊಟ ಸೇರದು. ಮೆಟ್ಟಿಲು ಮೂರು ಹತ್ತಿ ಕೂತ್ಕೊಳ್ಳೋನು. ಒಂದು ದಿನ ಥೆಲ್ಮಾಗೆ ಅಂದನಂತೆ, "ಪಾಕದ ಮನೇಲೇ ಬಿಟ್ಬಿಡಬೇಕಿತ್ತು ನನ್ನ" ಅಂತ. ಅವಳು ಅವನ ಕೈಗೆ ಬಟಾಣಿ ಬುಟ್ಟಿ ಕೊಟ್ಟು "ಸಾಯೋಕೆ ಮುಂಚೆ ಇದು ಸುಲಿದು ಸಾಯಿ" ಅಂದ್ಲು. ಸುಲಿದ.

ವೆಂಡಲ್ ದಿನಾ ಬೆಳಗ್ಗೆ ಹೋಗೋನು. ಗಡ್ಡ ಬೋಳಿಸೋನು, ಚೀಲ ಬದಲಾಯಿಸೋನು, ಕಲಿತ್ಕೊಂಡಿದ್ದ. ಆದ್ರೆ ಒಂದು ತೊಡಕು. ರೊಜೇರ್‌ಗೆ ಆ ದಿನ ನೆನಪೇ ಇರಲಿಲ್ಲ. ಭಾನುವಾರ ಚರ್ಚಿನ ಪೂಜೆಗೆ ಹೋಗಿದ್ದು ನೆನಪು, ಆಮೇಲೆ ಆಸ್ಪತ್ರೆ ಚಾವಣಿ. ಥೆಲ್ಮಾ ಹೇಳಿರಲಿಲ್ಲ. "ಅದು ನೀನು ಹೇಳಬೇಕಾದ್ದು" ಅಂತ ಅಣ್ಣಂಗೆ ಒಂದೇ ಸಲ ಹೇಳಿ ಬಿಟ್ಟಿದ್ಲು. ಬಂದೋರೆಲ್ಲಾ ರೊಜೇರ್ ಹತ್ರ "ವೆಂಡಲ್ ಹತ್ತೇ ನಿಮಿಷದಲ್ಲಿ ಊರನ್ನೇ ಎಬ್ಬಿಸ್ದ" ಅನ್ನೋರು, ರೊಜೇರ್ ಹೆಮ್ಮೆಯಿಂದ ತಲೆ ಆಡಿಸೋನು. ವೆಂಡಲ್ ಕ್ಷೌರದ ಕತ್ತಿ ಹಿಡ್ಕೊಂಡು ನಿಂತಿರೋನು.

ಜುಲೈ ತಿಂಗಳಲ್ಲಿ ಒಂದು ಬೆಳಗ್ಗೆ, ಚೀಲ ಬದಲಾಯಿಸ್ತಾ ಹೇಳ್ಬಿಟ್ಟ. ಏಳೂವರೆ, ಹತ್ತು, ಹನ್ನೊಂದು. ಮೂರು ಪಾಕ. ಸುಳ್ಳು. ಯಾವುದೂ ಬಿಡಲಿಲ್ಲ. ಹೇಳಿ ಕಾದ. ಒಳಗೊಳಗೆ ಅವನಿಗೊಂದು ಆಸೆ ಇತ್ತು, ನನ್ನ ಹತ್ರನೇ ಒಪ್ಕೊಂಡಿದಾನೆ ಅದನ್ನ. ರೊಜೇರ್ ನಕ್ಕು, "ನಾನಿದ್ರೂ ಅದೇ ಮಾಡ್ತಿದ್ದೆ ಬಿಡೋ" ಅಂತಾನೆ ಅನ್ನೋ ಆಸೆ. ಊರಲ್ಲಿ ಯಾರನ್ನ ಕೇಳಿದ್ರೂ ಹಾಗೇ ಅಂತಿದ್ರು. ನಾನೂ ಅಂತಿದ್ದೆ.

ರೊಜೇರ್ ನಗಲಿಲ್ಲ. ಬಹಳ ಹೊತ್ತು ತನ್ನ ಹೊಟ್ಟೆ ಮೇಲಿನ ಗಾಯ ನೋಡ್ದ, ಎದೆಯಿಂದ ಕೆಳಗಿನವರೆಗೆ, ಉತ್ತ ಹೊಲದ ಸಾಲಿನ ಹಾಗಿತ್ತು.

"ಹೊರಗೆ ಹಿಮ ಎಷ್ಟಿತ್ತು ಆವತ್ತು?"

"ಏನು?"

"ಹಿಮ ಕಣೋ. ಬಾಗಿಲ ಪಕ್ಕ."

"ಮೂರಡಿ ಇತ್ತು."

"ಸಲಿಕೆ?"

"ಅಲ್ಲೇ ಇತ್ತು."

"ಆರು ಸಲಿಕೆ ಹಿಮ ಕೊಪ್ಪರಿಗೆಗೆ ಸುರಿದಿದ್ರೆ ತಳ ಹಿಡೀತಿತ್ತಾ?"

ಹಿಮ ಸುರಿದ್ರೆ ಕರಗಿ ನೀರಾಗುತ್ತೆ, ಬೆಂಕಿ ಆರೋವರೆಗೆ ಕೊಪ್ಪರಿಗೆ ಕಾಪಾಡುತ್ತೆ. ಹೋಗೋದು ಏನು? ಆ ದಿನದ ಪಾಕ ನೀರಾಗೋದು. ಇನ್ನೊಂದು ದಿನ ಮತ್ತೆ ಕಾಯಿಸಬಹುದು. ಅಷ್ಟೇ. ಎರಡು ನಿಮಿಷದ ಕೆಲಸ. ಮೂವತ್ತೊಂದು ವರ್ಷ ಅದರ ಮುಂದೆ ನಿಂತೋನಿಗೆ ಅದು ಹೊಳೀಲೇ ಇಲ್ಲ. ನಮ್ಮಲ್ಲಿ ಯಾರಿಗೂ ಹೊಳೆಯಲ್ಲ. ಬೆಳಗಿಂದ ನೀರು ಆವಿ ಮಾಡ್ತಾ ನಿಂತೋನು ಅದಕ್ಕೇ ತಿರುಗಿ ಹಿಮ ಹಾಕ್ತಾನಾ? ಕೊಪ್ಪರಿಗೆನೋ ಮನುಷ್ಯನೋ ಅಂತ ನಾಲ್ಕು ತಿಂಗಳು ತಲೆ ಕೆಡಿಸ್ಕೊಂಡಿದ್ದ. ಆಯ್ಕೆ ಅದಾಗಿರಲೇ ಇಲ್ಲ. ನಾಲ್ಕು ಡಬ್ಬ ಪಾಕನೋ ಮನುಷ್ಯನೋ ಅಂತಿತ್ತು.

"ಇಲ್ಲ," ಅಂದ ವೆಂಡಲ್. "ಹಿಡೀತಿರಲಿಲ್ಲ."

"ಹಿಮ ಹಾಕಬೇಕಿತ್ತು ನೀನು."

"ಹಾಕಬೇಕಿತ್ತು."

"ನಾನೂ ಹೇಳಬೇಕಿತ್ತು. ನಾನು ಬಿದ್ದಿದ್ದೆ ಅಂತ ನಂಗೆ ರಿಯಾಯಿತಿ ಇಲ್ಲ." ಅಂದ ರೊಜೇರ್. "ನಂಗೆ ನಿನ್ನ ಮೇಲೆ ಕೋಪ ಇದೆ ವೆಂಡಲ್. ಎಷ್ಟು ದಿನ ಇರುತ್ತೋ ಗೊತ್ತಿಲ್ಲ. ನಾಳೆ ಬರ್ತೀಯಲ್ಲ?"

"ಬರ್ತೀನಿ."

"ಹಾಗಾದ್ರೆ ಆ ಚೀಲ ಸರಿಯಾಗಿ ಅಂಟಿಸು. ನಿನ್ನೆ ಸೋರಿ ಹಾಸಿಗೆಯೆಲ್ಲಾ ಹಾಳಾಯ್ತು."

ಸರಿಯಾಗಿ ಅಂಟಿಸ್ದ. ಮಾರನೇ ದಿನಾನೂ ಹೋದ, ಅದರ ಮಾರನೇ ದಿನಾನೂ. ಕೋಪ ಚಳಿಗಾಲದವರೆಗೂ ಇತ್ತು, ಒಂದೊಂದು ದಿನ ರೊಜೇರ್ ಮುಖ ಗೋಡೆಗೆ ತಿರುಗಿಸ್ಕೊಂಡೇ ಗಡ್ಡ ಬೋಳಿಸ್ಕೊಳ್ತಿದ್ದ, ಅರ್ಧ ಮುಖ ಮಾತ್ರ. ಆಮೇಲೆ ಯಾವಾಗ ಹೋಯ್ತು ಅಂತ ಇಬ್ಬರಿಗೂ ಗೊತ್ತಿಲ್ಲ. ಕೇಳಿದ್ರೆ ಒಬ್ಬ ಕ್ರಿಸ್‌ಮಸ್ ಅಂತಾನೆ, ಇನ್ನೊಬ್ಬ ಅದಕ್ಕಿಂತ ಮುಂಚೆ ಅಂತಿದ್ದ. ಹನ್ನೊಂದು ವರ್ಷ ಬದುಕಿದ ಆಮೇಲೆ ರೊಜೇರ್, ಚೀಲದ ಜೊತೆ, ಕಾಲಿನ ಎಂಟು ಬೆರಳಲ್ಲಿ. ಮೊಮ್ಮಗಳ ಮದುವೇಲಿ ಕುಣಿದ, ಕೆಟ್ಟದಾಗಿ.

ವೆಂಡಲ್‌ಗೆ ಈಗ ತೊಂಬತ್ತು ದಾಟಿದೆ, ಹೇಳೋಕೆ ಉಸಿರು ಸಾಲಲ್ಲ, ಅದಕ್ಕೇ ನಾನು ಹೇಳ್ತಿದೀನಿ. ಅವನೇ ಹೇಳು ಅಂದ, ತಪ್ಪು ಮುಚ್ಚಬೇಡ ಅಂತಾನೂ ಅಂದ. ನಿಮ್ಮ ಪರಿಚಯದಲ್ಲಿ ಅರವತ್ತೈದು ದಾಟಿದೋನು, ಸಿಗರೇಟು ಸೇದ್ದೋನು, ಬೆನ್ನು ಹಿಡ್ಕೊಂಡು "ಏನಿಲ್ಲ, ಈ ಒಂದು ಕೆಲಸ ಮುಗೀಲಿ" ಅಂತ ಬೆವರ್ತಾ ಕೂತಿರೋನು ಯಾರಾದ್ರೂ ಇದ್ರೆ, ಇದನ್ನ ಅವನಿಗೆ ಕಳಿಸಿ. ಅವನ ಪಕ್ಕ ನಿಂತ್ಕೊಂಡು ಕೆಲಸ ಮುಂದುವರಿಸ್ತಿರೋನಿಗೆ ಮೊದಲು ಕಳಿಸಿ.